ಏಡಿಯ ಬಂಡೆ, ಚಿಟ್ಟೆಯ ಕಡಲು

ಕಡಲತೀರದ ಮರಳಿನಲ್ಲಿ ಒಂದು ಮುದಿ ಏಡಿ ವಾಸವಾಗಿತ್ತು. ದಿನವೂ ಬಿಲ ತೋಡುವುದು, ಅಲೆ ಬಂದು ಮುಚ್ಚಿದರೆ ಮತ್ತೆ ತೋಡುವುದು, ಇಷ್ಟೇ ಅದರ ಬದುಕು. ಒಂದು ಬೆಳಿಗ್ಗೆ ಬಿಲದ ಪಕ್ಕದ ಬಳ್ಳಿಯ ಮೇಲೆ ಏರೋಪ್ಲೇನ್ ಚಿಟ್ಟೆಯೊಂದು ಬಂದು ಕೂತಿತು.

"ಎತ್ತ ಹೊರಟೆ, ಮಗಳೇ?" ಎಂದಿತು ಏಡಿ.

"ಕಡಲಿನ ಆಚೆ ದಡಕ್ಕೆ, ಅಜ್ಜ."

ಏಡಿಗೆ ನಗು ತಡೆಯಲಾಗಲಿಲ್ಲ. "ಹುಲ್ಲುಕಡ್ಡಿಯಂಥ ಮೈ, ಈರುಳ್ಳಿ ಸಿಪ್ಪೆಯಂಥ ರೆಕ್ಕೆ! ಈ ನೀರಿಗೆ ಕೊನೆ ಎಲ್ಲಿದೆ ಅಂತ ಗೊತ್ತೇನು?"

"ಗೊತ್ತಿಲ್ಲ. ಗಾಳಿ ಅತ್ತ ಯಾವಾಗ ಬೀಸುತ್ತದೆ ಅಂತ ಗೊತ್ತು. ಹನ್ನೆರಡು ದಿನದಿಂದ ಹೊಟ್ಟೆ ತುಂಬ ತಿಂದು, ಮೈ ಗಟ್ಟಿ ಮಾಡಿಕೊಂಡು ಕಾಯುತ್ತಿದ್ದೇನೆ. ನಿಮಗೆಲ್ಲಿಗೆ ಹೋಗುವಾಸೆ?"

ಏಡಿ ತಡವರಿಸಿತು. "ಅಗೋ, ನೀರಿನಲ್ಲಿರುವ ಆ ಕರಿಬಂಡೆಯ ತುದಿಗೆ. ಚಿಕ್ಕಂದಿನ ಆಸೆ. ಅಲೆ ನಿಲ್ಲಲಿ ಅಂತ ಕಾದೆ, ನಿಲ್ಲಲೇ ಇಲ್ಲ."

"ಅಲೆ ನಿಲ್ಲುವುದಿಲ್ಲ, ಅಜ್ಜ. ಆದರೆ ನೀರು ಇಳಿಯುವ ಹೊತ್ತು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಅಷ್ಟರಲ್ಲಿ ಗಾಳಿ ತಿರುಗಿತು. ಚಿಟ್ಟೆ ಮೇಲೆದ್ದಿತು. ಅದರ ಹಿಂದೆ ಪೊದೆಗಳಿಂದ, ಗದ್ದೆಗಳಿಂದ ಸಾವಿರಾರು ಚಿಟ್ಟೆಗಳೆದ್ದು ಆಕಾಶವೆಲ್ಲ ಮಿನುಗಿತು. ಒಂದೂ ಹಿಂದಿರುಗಿ ನೋಡಲಿಲ್ಲ. ಅವು ಕಣ್ಮರೆಯಾಗುವವರೆಗೂ ಏಡಿ ಅತ್ತಲೇ ನೋಡುತ್ತ ನಿಂತಿತ್ತು.

ಮಧ್ಯಾಹ್ನ ನೀರು ಇಳಿಯಿತು. ಏಡಿ ಬಿಲವನ್ನು ಅರ್ಧಕ್ಕೇ ಬಿಟ್ಟು ನಡೆಯಿತು. ಬಂಡೆಯಿಂದ ಎರಡು ಸಲ ಜಾರಿ ಬಿತ್ತು, ಮೂರನೆಯ ಸಲ ತುದಿ ಮುಟ್ಟಿತು. ಅಲ್ಲಿಂದ ನೋಡಿದರೆ ಕಣ್ಣು ಹಾಯುವಷ್ಟೂ ನೀರೇ ನೀರು. ಕಡಲು ಇಷ್ಟು ದೊಡ್ಡದೆಂದು ಅದಕ್ಕೆ ತಿಳಿದದ್ದು ಆಗಲೇ. ಇದರ ಮೇಲೆ ಎಲ್ಲೋ ಆ ಪುಟ್ಟ ಜೀವ ಹಾರುತ್ತಿದೆ ಎನ್ನಿಸಿ, ಏಡಿ ತನ್ನ ಮುಂಗಾಲುಗಳನ್ನು ಜೋಡಿಸಿ ಅತ್ತ ಕೈಮುಗಿಯಿತು.