ಟೀವಿಯ ಗೆರೆ, ನಿದ್ದೆಯ ಗೆರೆ

ಮಠಕ್ಕೆ ಬರುವವರು ಕಾಯಿ ತರುತ್ತಾರೆ, ಹಣ್ಣು ತರುತ್ತಾರೆ. ವಿರೂಪಣ್ಣ ಎರಡು ಹಾಳೆ ತಂದಿದ್ದ.

ಆಸ್ಪತ್ರೆಯಲ್ಲಿ ರೋಗಿಗಳ ತಲೆಗೆ ತಂತಿ ಅಂಟಿಸಿ ಮೆದುಳಿನ ಓಟವನ್ನು ಹಾಳೆಯ ಮೇಲೆ ಗೆರೆಯಾಗಿ ತೆಗೆಯುವುದು ಅವನ ಕೆಲಸ. ಹೆಂಡತಿ ಗಂಗವ್ವ ತೀರಿಕೊಂಡು ಎಂಟು ತಿಂಗಳಾಗಿತ್ತು. ಅಂದಿನಿಂದ ಅವನು ಹಾಸಿಗೆ ಬಿಟ್ಟು ಟೀವಿ ಹಿಡಿದಿದ್ದ. ಕೂತಲ್ಲೇ ಕಣ್ಣು ಹತ್ತಿದರೆ ಬೆಚ್ಚಿ ಎದ್ದು ಅದರ ಸದ್ದು ಏರಿಸುತ್ತಿದ್ದ.

ಅವನ ಗುರುಗಳಾದ ಮಠದ ಅಜ್ಜನವರು ಹೊಳೆಯ ದಂಡೆಯಲ್ಲಿ ಕೂತಿದ್ದರು. ಅವರ ಮುಂದೆ ಹಾಳೆಗಳನ್ನು ಹಾಸಿ, ಹಾರದಂತೆ ಕಲ್ಲಿಟ್ಟ.

“ಎರಡೂ ನನ್ನ ತಲೀವೇ, ಅಜ್ಜಾರ. ಗೆಳೆಯನ ಕಡೆ ತಂತಿ ಹಚ್ಚಿಸಿಕೊಂಡೆ. ಇದು ಟೀವಿ ನೋಡುವಾಗ ತಗದದ್ದು. ಇದು ಅಲ್ಲೇ ಕಣ್ಣು ಹತ್ತಿದಾಗ, ನಿದ್ದ್ಯಾಗ.”

“ಯಾಕ?”

“ಮಲಕ್ಕೋ ಅಪ್ಪಾ ಅಂತ ಮಗಳು ಅಳ್ತಾಳ್ರಿ. ಟೀವಿ ಮುಂದ ಕುಂತ್ರೂ ದಣಿವು ಆರತೈತಿ ಅಂತ ಆಕೀಗೆ ತೋರಸಬೇಕು. ನೋಡ್ರಿ, ಟೀವಿ ಗೆರಿ ಎಷ್ಟು ಸಮಾಧಾನ ಐತಿ. ‘ಇಷ್ಟು ಸಾಕು’ ಅಂತ ನೀವೊಂದು ಮಾತು ಹೇಳ್ರಿ. ನಿಮ್ಮ ಮಾತು ಆಕಿ ಮೀರೂದಿಲ್ಲ.”

ಅಜ್ಜನವರು ಬಾಗಿ ನೋಡಿದರು. ಟೀವಿಯ ಗೆರೆ ಈ ತುದಿಯಿಂದ ಆ ತುದಿಯವರೆಗೆ ಸಣ್ಣಗೆ, ಒಂದೇ ಸಮನೆ ಓಡಿತ್ತು. ನಿದ್ದೆಯದು ಹಾಗಿರಲಿಲ್ಲ. ನಿಧಾನವಾಗುತ್ತ ದೊಡ್ಡ ದೊಡ್ಡ ಅಲೆಯಾಗಿ, ಮುಂದೆ ಒಮ್ಮೆಲೇ ಒತ್ತೊತ್ತಾಗಿ ಚಡಪಡಿಸಿತ್ತು.

“ಈ ದೊಡ್ಡ ಅಲಿ ಏನು?”

“ಗಾಢ ನಿದ್ದಿರಿ. ದಣಿವು ಆರೂದು ಅಲ್ಲೇ.”

ಅಂದವನೇ ನಾಲಿಗೆ ಕಚ್ಚಿಕೊಂಡ. ಮೂವತ್ತು ವರ್ಷದ ಕಸುಬು, ಸುಳ್ಳು ಹೇಳಲು ಬಿಡಲಿಲ್ಲ.

“ಟೀವಿ ಹಾಳ್ಯಾಗ ಅದು ಎಲ್ಲೈತಿ?”

“ಇಲ್ರಿ.”

“ನಿದ್ದಿ ಹಾಳ್ಯಾಗ ಇಲ್ಲಿ ಯಾಕ ಚಡಪಡಸೇತಿ?”

“ಕನಸು. ಮೈ ಬಿದ್ದಿರತೈತಿ. ತಲಿ ಎಚ್ಚರ ಇದ್ದಾಗಿನಂಗ ದುಡೀತಿರತೈತಿ.”

“ಎಲ್ಲಾ ಗೊತ್ತಿದ್ದು ನನ್ನ ಬಾಯಿಲೆ ಸುಳ್ಳು ಯಾಕ ಹೇಳಸ್ತೀ?”

ವಿರೂಪಣ್ಣ ಆ ಒತ್ತೊತ್ತು ಗೆರೆಯ ಮೇಲೆ ಬೆರಳಿಟ್ಟ.

“ಕನಸಿನ್ಯಾಗ ಗಂಗವ್ವ ಕರೀತಾಳ್ರಿ. ಆವತ್ತೂ ಕರದಿದ್ಲು. ನಾನು ಟೀವಿ ಮುಂದ ಕುಂತಿದ್ದೆ. ‘ಒಂದೀಟು ಇಲ್ಲಿ ಬರ್ರಿ’ ಅಂದ್ಲು. ಕೇಳಿಸ್ತು, ಅಜ್ಜಾರ. ಜಾಹೀರಾತು ಬರಲಿ, ಏಳತೀನಿ ಅಂದ್ಕೊಂಡೆ. ಜಾಹೀರಾತು ಬಂತು, ಎದ್ದು ಹೋದೆ. ಆಕಿ ಹೋಗಿಬಿಟ್ಟಿದ್ಲು.”

“ಈಗ ಟೀವಿ ನೋಡುವಾಗ ಕರಿಯೂದಿಲ್ಲೇನು?”

“ಇಲ್ರಿ. ಅಲ್ಲಿ ಯಾರೂ ಇರೂದಿಲ್ಲ. ನಾನೂ ಇರೂದಿಲ್ಲ.”

ಅಜ್ಜನವರು ಸಮಾಧಾನ ಹೇಳಲಿಲ್ಲ. ಇಂಥ ದುಃಖಕ್ಕೆ ಸಮಾಧಾನ ಯಾವ ಅಂಗಡಿಯಲ್ಲಿ ಸಿಗುತ್ತದೆ? ಹೆಗಲ ಮೇಲಿನ ಕಂಬಳಿ ತೆಗೆದು ಮರದ ನೆರಳಲ್ಲಿ ಹಾಸಿದರು.

“ಮಲಕ್ಕೋ.”

“ಒಲ್ಲೆರಿ. ಅಂಜಿಕಿ ಬರತೈತಿ.”

“ಬರಲಿ. ನಾ ಇಲ್ಲೇ ಇರತೀನಿ.”

ಗುರುವಿನ ಮಾತು ಮೀರಲಾಗದೆ ಮಲಗಿದ. ಎಂಟು ತಿಂಗಳ ದಣಿವು, ತಲೆ ಇಟ್ಟದ್ದೇ ತಡ, ನಿದ್ದೆ ಹತ್ತಿತು. ಹೊತ್ತು ಇಳಿಯುವವರೆಗೂ ಅಜ್ಜನವರು ತಲೆದೆಸೆಯಲ್ಲಿ ಕೂತಿದ್ದರು.

ಒಮ್ಮೆಲೇ ಅವನು ಚಿಟ್ಟನೆ ಚೀರಿ ಎದ್ದು ಕೂತ. ಮುಖವೆಲ್ಲ ಒದ್ದೆಯಾಗಿತ್ತು.

“ಕರದ್ಲೇನು?”

“ಕರದ್ಲು.”

“ಹೋದಿ?”

“ಕಾಲು ಏಳಲಿಲ್ರಿ. ಒಂದು ಸಲಾನೂ ಎದ್ದಿಲ್ಲ.” ಅವನು ಗುರುಗಳ ಕಾಲು ಹಿಡಿದುಕೊಂಡ. “ಎಂದಾರ ಒಂದು ದಿನ ಎದ್ದು ಹೋಗತೀನೇನ್ರಿ, ಅಜ್ಜಾರ?”

“ನನಗೂ ಗೊತ್ತಿಲ್ಲ, ತಮ್ಮಾ. ಆದ್ರ ಆಕಿ ನಿನ್ನ ಕರಿಯೂದು ಆ ಕನಸಿನ್ಯಾಗ ಮಾತ್ರ. ಎದ್ದು ಹೋಗೂದಾದ್ರೂ ಅಲ್ಲೇ.”