ಗೊಲ್ಲಾಳನ ದುಂಡು ಪೆಡಲು

ಒಬ್ಬ ತಾಯಿ, ಆಕೆಗೊಬ್ಬ ಮಗ. ತಾಯಿ ಶಾವಂತ್ರವ್ವ, ವಿಜಯಪುರದ ಖಾನಾವಳಿಗಳಿಗೆ ಜೋಳದ ರೊಟ್ಟಿ ಬಡಿದುಕೊಡುವಾಕೆ. ಮಗ ಗೊಲ್ಲಾಳ, ರೊಟ್ಟಿಯ ಬುಟ್ಟಿಯನ್ನು ಸೈಕಲ್ಲಿಗೆ ಕಟ್ಟಿಕೊಂಡು ಊರೆಲ್ಲ ಮುಟ್ಟಿಸುವವ. ಮೈಯಲ್ಲಿ ಎತ್ತಿನ ಕಸುವು. ತಲೆಯಲ್ಲಿ ಮಾತ್ರ, ಹೇಳಿದ ಮಾತು ಹೇಳಿದ ಹಾಗೇ ಹೋಗಿ ಕೂತುಬಿಡುತ್ತಿತ್ತು, ಆಚೆ ಈಚೆ ಅಲ್ಲಾಡುತ್ತಿರಲಿಲ್ಲ. ರೊಟ್ಟಿಯ ಬಿಸಿ ಆರಬಾರದಪ್ಪಾ ಅಂದರೆ ಬುಟ್ಟಿಯನ್ನು ಬಿಸಿಲಿಗಿಟ್ಟು ಪಕ್ಕದಲ್ಲಿ ಕಾವಲು ಕೂಡುತ್ತಿದ್ದ. ಬಿಸಿಲಿಗಿಡಬೇಡವೋ ಅಂದರೆ ಮರುದಿನ ಒಗೆದ ಬಟ್ಟೆಯನ್ನು ಕೋಣೆಯೊಳಗೆ ಹರವುತ್ತಿದ್ದ.

ಓಣಿಯಲ್ಲಿ ಅವನನ್ನು ಗೊಲ್ಲಾಳ ಅಂತ ಯಾರೂ ಕರೆಯುತ್ತಿರಲಿಲ್ಲ. ರೊಟ್ಟಿ ಪೆದ್ದ ಅಂತಲೇ ಕರೆಯುತ್ತಿದ್ದರು. ಅವನಿಗೇನೂ ಅನ್ನಿಸುತ್ತಿರಲಿಲ್ಲ, ತಾಯಿಗೆ ಮಾತ್ರ ಕರುಳು ಚುರ್ ಅನ್ನುತ್ತಿತ್ತು. ಒಂದು ಸಲವಾದರೂ ನಾಲ್ಕು ಮಂದಿಯ ಮುಂದೆ ನನ್ನ ಮಗನ ಹೆಸರನ್ನು ಹೆಸರಾಗಿ ಕರೆಯಲಿ ಅಂತ ಹಂಚಿನ ಮುಂದೆ ಕೂತು ಅಂದುಕೊಳ್ಳುತ್ತಿದ್ದಳು.

ಒಂದು ದಿನ ಲಾಲಸಾಬ ಮಾಸ್ತರು ಆಕೆಯ ಮನೆ ಹುಡುಕಿಕೊಂಡು ಬಂದರು. ಹರೆಯದಲ್ಲಿ ಸೈಕಲ್ ರೇಸು ಓಡಿ, ಈಗ ಹುಡುಗರಿಗೆ ಅದನ್ನೇ ಕಲಿಸುವವರು. ಎದುರುಗಾಳಿಯಲ್ಲಿ, ಏರಿನಲ್ಲಿ, ಬುಟ್ಟಿ ತುಂಬ ರೊಟ್ಟಿ ಕಟ್ಟಿಕೊಂಡ ಈ ಹುಡುಗ ತಮ್ಮ ಶಿಷ್ಯರನ್ನೆಲ್ಲ ಹಿಂದೆ ಹಾಕಿ ಹೋದದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಬನ್ನಿ ಹಬ್ಬದ ಮುಂದೆ ಸೈಕಲ್ ಹಾಸ್ಟೆಲ್ಲಿಗೆ ಆಯ್ಕೆ ಇದೆ, ಆಯ್ಕೆಯಾದರೆ ಊಟ, ತಾಲೀಮು, ಓಡಿಸಲು ಸೈಕಲ್ಲು ಎಲ್ಲ ಅವರದೇ ಅಂದರು. ಅಲ್ಲಿಯತನಕ ಇದನ್ನು ಓಡಿಸಲಿ, ಆಯ್ಕೆಯಾಗದಿದ್ದರೆ ಇನ್ನೊಬ್ಬ ಹುಡುಗನಿಗೆ ಕೊಡುತ್ತೇನೆ ಅಂತ ತೆಳ್ಳನೆಯ ಗಾಲಿಯ ಒಂದು ರೇಸ್ ಸೈಕಲ್ಲನ್ನು ಗೋಡೆಗೆ ಆನಿಸಿ ಹೋದರು. ಗೊಲ್ಲಾಳ ಅದರ ಸುತ್ತ ತಿರುಗಿ ನೋಡಿದ್ದೇ ನೋಡಿದ್ದು. ಗಾಲಿ ತಿರುಗುವಾಗ ಅದರ ಕಡ್ಡಿಗಳೆಲ್ಲ ಎಲ್ಲಿ ಹೋಗುತ್ತವೆ ಅಂತ ತಾಯಿಯನ್ನು ಕೇಳಿದ. ತಾಯಿ ಹಣೆ ಒತ್ತಿಕೊಂಡಳು.

ಮರುದಿನ ಬೆಳಿಗ್ಗೆ ಮಾಸ್ತರು ಮೊಪೆಡ್ಡಿನಲ್ಲಿ ಪಕ್ಕಕ್ಕೇ ಬಂದರು. ಗೊಲ್ಲಾಳ ಧಡ್ ಧಡ್ ಅಂತ ಪೆಡಲು ಮೆಟ್ಟಿದ. ಸೈಕಲ್ಲು ಎಡಕ್ಕೊಮ್ಮೆ ಬಲಕ್ಕೊಮ್ಮೆ ಓಲಾಡಿತು. ಎರಡು ಊರು ದಾಟುವಷ್ಟರಲ್ಲಿ ಹುಡುಗ ಏದುಸಿರು ಬಿಟ್ಟ.

"ಬರೇ ಕೆಳಗ ಮೆಟ್ಟತೀಯಲ್ಲೋ," ಅಂದರು ಮಾಸ್ತರು. "ಪೆಡಲು ದುಂಡಗ ತಿರಗಬೇಕು. ಕಾಲು ಕೆಳಗ ಹೋದಾಗ, ಹೊಸ್ತಿಲ ಮುಂದ ಅಂಗಾಲಿನ ರಾಡಿ ಒರಸ್ತೀವಲ್ಲ, ಹಂಗ ಹಿಂದಕ್ಕ ಎಳಿ."

ಗೊಲ್ಲಾಳನಿಗೆ ಸೋಜಿಗವಾಯಿತು. ಕೆಳಗೆ ಮೆಟ್ಟುವ ಕಾಲು ಗೊತ್ತು. ಆದರೆ ಹಿಂದೆ ಹೋದ ಕಾಲು ಅಲ್ಲಿ ಏನು ಮಾಡುತ್ತಿರುತ್ತದೆ? ಹುಟ್ಟಿದಾಗಿನಿಂದ ತನ್ನದೇ ಕಾಲು, ಒಂದು ದಿನವೂ ಕೇಳಿರಲಿಲ್ಲ. ನೋಡೋಣ ಅಂತ ಬಗ್ಗಿ ಹಿಂದಕ್ಕೆ ನೋಡಿದ, ಸೈಕಲ್ಲಿನ ಸಮೇತ ಜಾಲಿಕಂಟಿಯೊಳಗೆ ಹೋದ.

ಅದರ ಮರುದಿನ ಮಾಸ್ತರು ಬಂದು ನೋಡುತ್ತಾರೆ, ಹುಡುಗನ ಎರಡೂ ಕಾಲಿಗೆ ಮೊಣಕಾಲತನಕ ಕರಿ ಎರೆಮಣ್ಣು. ಹೊಲದಿಂದ ತಂದು, ಕೊಡ ನೀರು ಸುರಿದು ಕಲಸಿ, ಚೆನ್ನಾಗಿ ಮೆತ್ತಿಕೊಂಡಿದ್ದ. ಪೆಡಲಿನ ಮೇಲೆ ಒರೆಸಿದ್ದೇ ಒರೆಸಿದ್ದು. ಎರೆಮಣ್ಣು ಕೇಳಬೇಕೇ, ಪೆಡಲಿಗೆ ಹತ್ತಿ, ಚೈನಿಗೆ ಹತ್ತಿ, ಗಾಲಿಯೂ ತಿರುಗದ ಹಾಗೆ ಕಚ್ಚಿಕೊಂಡಿತು. ಮಾಸ್ತರು ತಲೆಯ ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

"ಖರೇ ರಾಡಿ ಹಚ್ಕೋ ಅಂದೆನೇನೋ ನಿನಗ? ನಾ ಹೇಳಿದ್ದನ್ನ ಮನಸ್ಸಿನ್ಯಾಗ ಮಾಡಬೇಕು, ಮನಸ್ಸಿನ್ಯಾಗ!"

ಸೀಮೆಎಣ್ಣೆ ಹಾಕಿ ಚೈನು ತಿಕ್ಕುತ್ತ ತಾಯಿಯೂ ಅದನ್ನೇ ಹೇಳಿದಳು. ಮನಸ್ಸಿನ್ಯಾಗ ಮಾಡಪ್ಪಾ, ನಿನಗ ಕೈ ಮುಗೀತೀನಿ. ಆಗಲಿ ಯವ್ವಾ ಅಂದ ಮಗ.

ಮುಂದಿನ ವಾರ ದೂರದ ಓಟ. ಬಿಸಿಲು ಬೆಂಕಿಯಂತೆ ಸುರಿಯುತ್ತಿತ್ತು. ಮಾಸ್ತರು ನೀರಿನ ಬಾಟಲಿ ಕೊಟ್ಟು, ಪ್ರತಿ ಮೈಲಿಗಲ್ಲಿಗೂ ಒಂದು ಗುಟುಕು ಕುಡಿ ಅಂತ ಹೇಳಿ ಮುಂದೆ ಹೋದರು. ಗೊಲ್ಲಾಳ ಒಂದು ಕಲ್ಲನ್ನೂ ಬಿಡಲಿಲ್ಲ. ಕಲ್ಲು ಬಂತು, ಮನಸ್ಸಿನಲ್ಲಿ ಒಂದು ಗುಟುಕು ಕುಡಿದ. ಇನ್ನೊಂದು ಬಂತು, ಇನ್ನೊಂದು ಗುಟುಕು. ಎಷ್ಟು ಕುಡಿದರೂ ಗಂಟಲು ಒಣಗುತ್ತದಲ್ಲ, ಈ ನೀರು ಯಾವ ಬಾವಿಯದೋ ಅಂತ ಯೋಚಿಸುತ್ತ ಯೋಚಿಸುತ್ತ ಕಣ್ಣು ಕತ್ತಲಿಟ್ಟು ಜೋಳದ ಹೊಲದ ಬದುವಿನ ಮೇಲೆ ಉರುಳಿದ. ಮಾಸ್ತರು ವಾಪಸು ಬಂದು ನೋಡಿದರೆ ಬಾಟಲಿಯ ಮುಚ್ಚಳವೂ ಬಿಚ್ಚಿರಲಿಲ್ಲ. ಅಷ್ಟನ್ನೂ ಅವನ ತಲೆಗೆ ಸುರಿದರು. ಕಣ್ಣು ಬಿಟ್ಟವನಿಗೆ ಬೈದು ಬೈದು ಸಾಕಾಗಿ, ಕೊನೆಗೆ ಸಮಾಧಾನದಿಂದ ಬುದ್ಧಿ ಹೇಳಿದರು.

"ನೀರಡಿಕಿ ಆಗೂಕಿಂತ ಮೊದ್ಲ ನೀರು ಕುಡೀಬೇಕು. ಏರು ಬರೂಕಿಂತ ಮೊದ್ಲ ಗೇರು ಹಗುರ ಮಾಡ್ಕೋಬೇಕು. ಯಾವುದನ್ನೂ ಬೇಕಾಗೂಕಿಂತ ಮೊದ್ಲ ಮಾಡಿಬಿಡು. ತಿಳೀತಿಲ್ಲೋ?"

ತಿಳಿಯಿತು. ತಿಳಿಯದೆ ಏನು, ಮರುದಿನ ದಿಬ್ಬ ಹತ್ತುವ ತಾಲೀಮು. ದಿಬ್ಬ ಇದ್ದದ್ದು ಊರಾಚೆ ಎಷ್ಟೋ ದೂರ. ಗೊಲ್ಲಾಳ ತನ್ನ ಮನೆಯ ಕಟ್ಟೆಯ ಹತ್ತಿರವೇ ಗೇರನ್ನು ತೀರ ಹಗುರಕ್ಕೆ ಇಳಿಸಿಕೊಂಡ. ಸಪಾಟು ರಸ್ತೆ. ಕಾಲು ಗಿರಗಿರ ತಿರುಗುತ್ತದೆ, ಸೈಕಲ್ಲು ಮುಂದೆ ಹೋಗಲೊಲ್ಲದು. ಮೇವಿನ ಹೊರೆ ಹೊತ್ತ ಒಬ್ಬ ಮುದುಕಿ ಅವನನ್ನು ದಾಟಿ ಹೋದಳು. ಆಕೆಯ ಎಮ್ಮೆಯೂ ದಾಟಿ ಹೋಯಿತು. ಚಹಾದ ಅಂಗಡಿಯವರು ಹೊರಗೆ ಬಂದು ನಕ್ಕರು.

ಮೊದಲು ಅವನು ಸೀಟಿನ ಮೇಲೆ ಕುಪ್ಪಳಿಸಿದ. ಮೆಟ್ಟಲು ಹೋದರೆ ಮೆಟ್ಟಲು ಏನೂ ಇರಲಿಲ್ಲ, ಕಾಲು ಇಳಿಯುವಷ್ಟರಲ್ಲಿ ಪೆಡಲು ಕೆಳಗಿನಿಂದ ಜಾರಿಹೋಗಿರುತ್ತಿತ್ತು. ಇದೇನಿದು ಅಂತ ಅದರ ಜೊತೆಗೇ ಹೋಗಿ ನೋಡಿದ. ಅದು ಹಿಂದಕ್ಕೆ ಹೋದರೆ ತಾನೂ ಹಿಂದಕ್ಕೆ, ಅದು ಮೇಲಕ್ಕೆ ಬಂದರೆ ತಾನೂ ಮೇಲಕ್ಕೆ. ಕುಪ್ಪಳಿಸುವುದು ನಿಂತಿತು. ಆಗ ತಟಕ್ಕನೆ ಅವನಿಗೆ ಹಿಂದಿನ ಕಾಲು ಸಿಕ್ಕಿತು. ಇಷ್ಟು ದಿನ ಒಂದು ಕಾಲು ಮೆಟ್ಟುವಾಗ ಇನ್ನೊಂದು ಕಾಲು ಹಿಂದಿನ ಪೆಡಲಿನ ಮೇಲೆ ಜೋಳದ ಚೀಲದಂತೆ ಕೂತಿರುತ್ತಿತ್ತು. ಒಂದು ಕಾಲು ಇನ್ನೊಂದನ್ನು ಹೊತ್ತುಕೊಂಡೇ ತಿರುಗಿತ್ತು. ಈಗ ಹಿಂದಿನದು ತಾನೇ ಎದ್ದು ಮುಂದಿನದಕ್ಕೆ ದಾರಿ ಬಿಡುತ್ತಿದೆ. ಗೊಲ್ಲಾಳ ಒಬ್ಬನೇ ನಕ್ಕ. ಇಷ್ಟು ಸುಲಭದ ಸಂಗತಿಯನ್ನು ಕಾಲುಗಳು ತನಗೆ ಮೊದಲೇ ಯಾಕೆ ಹೇಳಲಿಲ್ಲ ಅಂತ ಅವನಿಗೆ ಆಶ್ಚರ್ಯ.

ಬೈಯಲು ಅಂತ ಮೊಪೆಡ್ಡನ್ನು ಪಕ್ಕಕ್ಕೆ ತಂದಿದ್ದ ಮಾಸ್ತರು ಬೈಯುವುದನ್ನು ಬಿಟ್ಟು ಅವನನ್ನೇ ನೋಡುತ್ತ ಓಡಿಸಿದರು. ಸೊಂಟ ಅಲುಗುತ್ತಿಲ್ಲ, ಹೆಗಲು ಅಲುಗುತ್ತಿಲ್ಲ, ಕಾಲು ಮಾತ್ರ ದುಂಡಗೆ ತಿರುಗುತ್ತಿವೆ. ಅದೇ ಲಯದಲ್ಲಿ ಗೇರು ಏರಿಸು ಅಂದರು, ಏರಿಸಿದ. ಇನ್ನೊಂದು ಏರಿಸು ಅಂದರು, ಏರಿಸಿದ. ಲಯ ಕೆಡಲಿಲ್ಲ, ಮೊಪೆಡ್ಡು ಹಿಂದೆ ಬಿತ್ತು. ಮನೆಗೆ ಬಂದ ಮೇಲೆ, ಇದನ್ನು ಯಾರು ಕಲಿಸಿದರೋ ಅಂತ ಕೇಳಿದರು. ನೀವ ಕಲಿಸಿದ್ರಿ ಅಂದ ಗೊಲ್ಲಾಳ. ಮಾಸ್ತರಿಗೆ ಹಿಗ್ಗೋ ಹಿಗ್ಗು.

"ಆಯ್ಕೆಯ ದಿನ ಈ ಲಯ ಬಿಡಬ್ಯಾಡ. ಏರು ಬರಲಿ, ಗಾಳಿ ಬರಲಿ, ಯಾರರ ಅಡ್ಡ ಬರಲಿ. ನಾ ಸಾಕು ಅನ್ನೂತನಕ ಪೆಡಲು ನಿಂದ್ರಸಬ್ಯಾಡ."

ಒಲೆಯ ಮುಂದಿನಿಂದ ಶಾವಂತ್ರವ್ವ ಎದ್ದು ಬಂದಳು. "ಮಾಸ್ತರ, ಇವಗ ಹಂಗ ಹೇಳಬ್ಯಾಡ್ರಿ," ಅಂದಳು. ಮಾಸ್ತರು ನಕ್ಕು ಮೊಪೆಡ್ಡು ಹತ್ತಿದರು.

ಆಯ್ಕೆಯ ದಿನ ಬಂತು. ಹೆದ್ದಾರಿಯ ಮಗ್ಗುಲಿನ ಮೈದಾನದಲ್ಲಿ ಪೆಂಡಾಲು, ಮೇಜು, ಮೇಜಿನ ಹಿಂದೆ ಹಾಸ್ಟೆಲ್ಲಿನ ಸಾಹೇಬರು, ನೋಡುವ ಮಂದಿಯ ನಡುವೆ ಶಾವಂತ್ರವ್ವ. ಓಟ ಶುರುವಾದದ್ದೇ ತಡ, ಗೊಲ್ಲಾಳನ ಕಾಲು ದುಂಡಗೆ ತಿರುಗಿದವು. ಉಳಿದವರು ಮೆಟ್ಟುತ್ತಿದ್ದರು, ಅವನು ತಿರುಗಿಸುತ್ತಿದ್ದ. ಏರು ಬಂತು, ತಿರುಗಿಸಿದ. ಗಾಳಿ ಬಂತು, ತಿರುಗಿಸಿದ. ಮರಳಿ ಮೈದಾನದ ಹತ್ತಿರ ಬರುವಾಗ ಅವನ ಹಿಂದೆ ಕಣ್ಣು ಹಾಯುವಷ್ಟು ದೂರ ಯಾರೂ ಇರಲಿಲ್ಲ. ಸುಣ್ಣದ ಗೆರೆಯ ಹತ್ತಿರ ಮಾಸ್ತರು ಎರಡೂ ತೋಳು ಚಾಚಿ ನಿಂತಿದ್ದರು. ಬೆಳಗಿನಿಂದ ಕೂಗಿ ಕೂಗಿ ಅವರ ಗಂಟಲು ಕಟ್ಟಿತ್ತು, ಮೇಲೆ ಅಳು ಬೇರೆ ಬಂದಿತ್ತು. ಬಾಯಿ ತೆರೆದರು, ಮಾತು ಹೊರಡಲಿಲ್ಲ. ಗೊಲ್ಲಾಳ ಅವರ ಬಾಯಿಯನ್ನೇ ನೋಡಿದ. ಸಾಕು ಅನ್ನಲಿಲ್ಲ. ಗೆರೆ ದಾಟಿ ಮುಂದೆ ಹೋದ.

ಮೈದಾನ ಹಿಂದೆ ಬಿತ್ತು, ಊರು ಹಿಂದೆ ಬಿತ್ತು. ಇನ್ನೂ ಎಷ್ಟು ದೂರ ಇದೆಯೋ ಈ ರೇಸು ಅಂತ ಅವನಿಗೆ ಕುತೂಹಲ. ಮುಂದೆ ರೈಲ್ವೆ ಗೇಟು ಹಾಕಿತ್ತು. ಗೊಲ್ಲಾಳ ಒಂದು ಗಳಿಗೆಯೂ ತಡ ಮಾಡಲಿಲ್ಲ. ಕೆಳಗಿಳಿದ, ಸೈಕಲ್ಲನ್ನು ತಲೆಕೆಳಗೆ ನಿಲ್ಲಿಸಿದ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಪೆಡಲನ್ನು ಕೈಯಿಂದ ತಿರುಗಿಸತೊಡಗಿದ. ಅದೇ ಲಯ, ಅದೇ ದುಂಡು. ಗೇಟಿಗೆ ನಿಂತ ಲಾರಿಯವ ಇಳಿದು ಬಂದು, ಏನು ಕೆಟ್ಟಿದೆ ಅಂತ ಕೇಳಿದ.

"ಏನೂ ಕೆಟ್ಟಿಲ್ರಿ," ಅಂದ ಗೊಲ್ಲಾಳ. "ರೇಸಿನ್ಯಾಗ ಅದೀನಿ."

ಅಷ್ಟರಲ್ಲಿ ಮೊಪೆಡ್ಡು ಬಂತು. ಹಿಂದೆ ಕೂತ ತಾಯಿ ಇಳಿಯುವ ಮೊದಲೇ, ಸಾಕು ಬಿಡೋ ಅಂತ ಒದರಿದಳು. ಮಾಸ್ತರ ಅನ್ನಬೇಕು ಯವ್ವಾ ಅಂದ ಮಗ. ಮಾಸ್ತರು ಅಂದರು, ಆದರೆ ಅದೇ ಹೊತ್ತಿಗೆ ಗೂಡ್ಸ್ ರೈಲು ಧಡಧಡ ಬಂತು. ಡಬ್ಬಿಯ ಹಿಂದೆ ಡಬ್ಬಿ, ಮುಗಿಯಲೇ ಒಲ್ಲದು. ಮಾಸ್ತರು ಬಾಯಿ ಆಡಿಸುತ್ತಲೇ ಇದ್ದರು, ಗೊಲ್ಲಾಳ ತಿರುಗಿಸುತ್ತಲೇ ಇದ್ದ. ರೈಲು ಹೋದ ಮೇಲೆ ಮಾಸ್ತರು ಅವನ ಕಿವಿಗೆ ಬಾಯಿ ಹಚ್ಚಿ, ಸಾಕೋ ಮಾರಾಯಾ ಸಾಕು ಅಂತ ಪಿಸುಗುಟ್ಟಿದರು. ಕೈ ನಿಂತಿತು.

ಹಿಂದೆ ಬಂದವರೆಲ್ಲ ಮೇಜಿನ ಹತ್ತಿರ ಹೆಸರು ಬರೆಸಿಯಾಗಿತ್ತು. ಆಳು ಕಣ್ಣ ಮುಂದೆ ಇಲ್ಲದೆ ಹೆಸರು ಬರೆಯುವುದಿಲ್ಲ, ಹೊತ್ತು ಮುಳುಗಿದರೆ ಹೊರಡುತ್ತೇವೆ ಅಂದಿದ್ದರು ಸಾಹೇಬರು. ಅವರನ್ನು ನಾನು ಹಿಡಿದು ಕೂಡಿಸುತ್ತೇನೆ, ಲಗೂನ ಬನ್ನಿ ಅಂತ ಸನ್ನೆ ಮಾಡಿ ಮಾಸ್ತರು ಮೊಪೆಡ್ಡು ತಿರುಗಿಸಿಕೊಂಡು ಓಡಿದರು. ಮಗನನ್ನು ಒಬ್ಬನನ್ನೇ ಬಿಟ್ಟರೆ ಮತ್ತೆಲ್ಲಿಗೆ ಹೋದಾನೋ ಅಂತ ತಾಯಿ ಅಲ್ಲೇ ಉಳಿದಳು. ಗೊಲ್ಲಾಳ ಸೈಕಲ್ಲನ್ನು ಎತ್ತಿ ತಲೆಯ ಮೇಲೆ ಇಟ್ಟುಕೊಂಡ.

"ಹತ್ತಿ ಓಡಸೋ," ಅಂದಳು ತಾಯಿ.

"ಸಾಕು ಅಂದಾರಲ್ಲ ಯವ್ವಾ, ಇನ್ನ ಹೆಂಗ ತುಳೀಲಿ?"

ಬೈಯಬೇಕು ಅಂತ ಆಕೆ ಬಾಯಿ ತೆರೆದಳು. ಬೈದರೆ ಬೈಗುಳದ ಹಿಂದೆ ಒಂದು ಬುದ್ಧಿಮಾತು ಬರುತ್ತದೆ, ಬುದ್ಧಿಮಾತಿನ ಹಿಂದೆ ಇನ್ನೊಂದು ಅನಾಹುತ ಬರುತ್ತದೆ. ಬಾಯಿ ಮುಚ್ಚಿಕೊಂಡು, ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಮಗನ ಜೊತೆ ಬಿರಬಿರನೆ ನಡೆದಳು. ದಾರಿಯುದ್ದಕ್ಕೂ ಮಂದಿ ನಿಂತು ನಕ್ಕರು. ಆಕೆ ಯಾರ ಕಡೆಗೂ ತಿರುಗಲಿಲ್ಲ, ಇಳಿಯುವ ಹೊತ್ತನ್ನೇ ನೋಡುತ್ತ ನಡೆದಳು.

ಮೈದಾನ ಮುಟ್ಟುವಾಗ ಪೆಂಡಾಲಿನ ಹಗ್ಗ ಬಿಚ್ಚುತ್ತಿದ್ದರು. ಹಿರಿಯ ಸಾಹೇಬರು ಜೀಪಿಗೆ ಒಂದು ಕಾಲಿಟ್ಟಾಗಿತ್ತು, ಮಾಸ್ತರು ಅವರ ತೋಳು ಹಿಡಿದುಕೊಂಡು ನಿಂತಿದ್ದರು. ತಲೆಯ ಮೇಲೆ ಸೈಕಲ್ಲು ಬರುವುದನ್ನು ಕಂಡು ಸಾಹೇಬರು ಕಾಲು ಕೆಳಗಿಳಿಸಿದರು. ಯಾರವ್ವಾ ಈ ಪೆದ್ದ ಅಂದರು.

ಶಾವಂತ್ರವ್ವ ಸೆರಗು ಸರಿ ಮಾಡಿಕೊಂಡಳು. "ಈ ಪೆದ್ದನೇ ಮೊದಲ ಬಂದಾವ್ರಿ," ಅಂದಳು. "ಗೊಲ್ಲಾಳ ಅಂತ ಇವನ ಹೆಸರು. ಬರಕೊಂಡು ದೊಡ್ಡ ದನಿಲೆ ಕರೀರಿ, ಎಲ್ಲಾರಿಗೂ ಕೇಳಲಿ."

ಸಾಹೇಬರು ಆಕೆಯ ಮುಖ ನೋಡಿದರು. ಮೇಜಿನ ಹತ್ತಿರ ಹೋಗಿ ಕೂತು ಬರೆದುಕೊಂಡರು. ಆಮೇಲೆ ಮೈಕು ಹಿಡಿದು ಕರೆದರು: ಗೊಲ್ಲಾಳ, ಮೊದಲನೆಯ ಸ್ಥಾನ. ನಗುತ್ತಿದ್ದವರು ಚಪ್ಪಾಳೆ ಹೊಡೆದರು. ತಾಯಿಯ ಕಣ್ಣಿಂದ ನೀರು ದಳದಳ ಇಳಿಯಿತು. ಹೆಸರು ಕರೆದಾಗ ಕೈ ಎತ್ತಬೇಕಪ್ಪಾ ಅಂದರು ಸಾಹೇಬರು.

ಸೈಕಲ್ಲನ್ನು ಕೆಳಗಿಳಿಸು ಅಂತ ಯಾರೂ ಹೇಳಿರಲಿಲ್ಲ. ಮೇಜಿನ ಮುಂದೆಯೇ ನಿಂತಿದ್ದ ಗೊಲ್ಲಾಳ ಸೈಕಲ್ಲು ಬಿಟ್ಟು ಹಿಗ್ಗಿನಿಂದ ಎರಡೂ ಕೈ ಎತ್ತಿದ. ಮೇಜು ಮುರಿಯಿತು, ಮೈಕು ಮುರಿಯಿತು, ಸಾಹೇಬರು ಹಾರಿ ಜೀಪಿನೊಳಗೆ ಬಿದ್ದರು. ಹೆಸರು ಮಾತ್ರ ಬರೆದಾಗಿತ್ತು.