ಅಧ್ಯಕ್ಷರ ಸಂದೇಶದ ತಳ

ಕಾಲೇಜಿನ ಹಳೆ ವಿದ್ಯಾರ್ಥಿಗಳ ಸಂಘಕ್ಕೆ ಮೊಬೈಲಿನಲ್ಲಿ ಸಲೀಸಾಗಿ ನೋಡುವಂಥ ವೆಬ್‌ಸೈಟ್ ಮಾಡುವ ಕೆಲಸ, ಹತ್ತು ವರ್ಷದಿಂದ ಹಂಗಾಮಿಯಾಗಿಯೇ ಇರುವ ಕ್ಲರ್ಕ್ ಕಮಲಾಕ್ಷಿಯ ಹೆಗಲಿಗೆ ಬಿತ್ತು. ಹೆಸರು ನೋಂದಾಯಿಸುವ ಬಟನ್ನನ್ನು ಅವಳು ಎಲ್ಲಕ್ಕಿಂತ ಮೇಲಿಟ್ಟಳು. ಸಂಘದ ಅಧ್ಯಕ್ಷ ತಿಪ್ಪೇರುದ್ರಪ್ಪನವರು ಕೆಂಡವಾದರು.

"ಮೊದಲು ನನ್ನ ಸಂದೇಶ ಬರಬೇಕು, ಪೂರ್ತಿ. ಅದನ್ನು ದಾಟಿದ ಮೇಲೆ ನಿನ್ನ ಬಟನ್ನು. ಆಗಲ್ಲ ಅಂದ್ರೆ ನಾಳೆಯಿಂದ ಬರಬೇಡ."

ಅಧ್ಯಕ್ಷರ ಸಂದೇಶಗಳನ್ನೆಲ್ಲ ಕನ್ನಡ ಮೇಷ್ಟ್ರು ಬರೆಯುತ್ತಾರೆ, ಅಧ್ಯಕ್ಷರು ಓದದೆ ಸಹಿ ಹಾಕುತ್ತಾರೆ ಎಂಬುದು ಕಮಲಾಕ್ಷಿಗೆ ಗೊತ್ತಿತ್ತು. ಸಹಿಗೆ ಕಾಗದ ಒಯ್ಯುತ್ತಿದ್ದವಳು ಅವಳೇ.

ಮರುದಿನ ಹೇಳಿದಂತೆಯೇ ಮಾಡಿ, "ಮೊದಲನೇ ಸದಸ್ಯರು ನೀವೇ ಆಗಬೇಕು ಸಾರ್" ಎಂದು ಅವರ ಮೊಬೈಲಿನಲ್ಲೇ ತೆರೆದುಕೊಟ್ಟಳು.

ಅಧ್ಯಕ್ಷರು ಸಂದೇಶವನ್ನು ಹೆಬ್ಬೆರಳಿನಿಂದ ಸರಿಸಿದರು. ಜ್ಞಾನದೇಗುಲ ಬಂತು. ಮತ್ತೆ ಸರಿಸಿದರು. ವಿದ್ಯೆಯ ಹೆಬ್ಬಾಗಿಲು ಬಂತು. ಅಡಿಗಲ್ಲು ಹಾಕಿದ ದಿನದ ಹವಾಮಾನವೂ ಬಂತು. ಬಟನ್ನು ಬರಲಿಲ್ಲ.

"ಏನಮ್ಮಾ ಇದು, ಮುಗಿಯೋದೇ ಇಲ್ಲ! ಬೆರಳು ನೋಯ್ತಿದೆ. ಯಾವ ಪುಣ್ಯಾತ್ಮ ಬರೆದದ್ದು ಇದನ್ನ?"

"ಕೆಳಗೆ ಸಹಿ ಇದೆ ಸಾರ್. ಇನ್ನು ಸ್ವಲ್ಪ ದೂರ."

ಸರಿಸುತ್ತಾ ಸರಿಸುತ್ತಾ ತಳ ಮುಟ್ಟಿದರು. ಸಹಿ ನೋಡಿದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ನೋಡಿದರು. ಅದೇ ಸಹಿ.

ಕೆಮ್ಮಿದರು. "ಬಟನ್ನು ಮೇಲೇ ಇರಲಿ. ಸಂದೇಶ ಕೆಳಗಿರಲಿ. ಬೇಕಾದವರು ಓದಿಕೊಳ್ಳಲಿ."

ಈಗ ಸಂಘಕ್ಕೆ ಎಂಟುನೂರು ಸದಸ್ಯರು. ಆ ಸಂದೇಶದ ತಳ ಮುಟ್ಟಿದವರು ಮಾತ್ರ ಇವತ್ತಿಗೂ ಅಧ್ಯಕ್ಷರೊಬ್ಬರೇ.